ಮಂಚ ಎತ್ತಿದವಳು ಯಾವ ಭಾಷೆ ಮಾತಾಡಿದಳು? ರೀಮೇಕ್ ನೋಡುವ ನನ್ನ ಕ್ರಮ

ನಮ್ಮ ಮನೆಯಲ್ಲಿ ಸುಮಾರು ಎರಡು ವರ್ಷ ಒಂದು ತಪ್ಪು ತಿಳುವಳಿಕೆ ಇತ್ತು. ‘ಮಣಿಚಿತ್ರತ್ತಾಳ್’ ಸಿನಿಮಾದಲ್ಲಿ ಹುಚ್ಚು ಹಿಡಿದದ್ದು ವಿನಯಾ ಪ್ರಸಾದ್‌ಗೆ ಅಂತ.

ಆದದ್ದು ಹೀಗೆ. 1995ರ ಬೇಸಿಗೆ ರಜೆ. ನಾವು ಕಾಸರಗೋಡು ಜಿಲ್ಲೆಯ ಕುಂಬಳೆಯವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳಂ. ಚಿಕ್ಕಮ್ಮ ಬಂದಿದ್ದಾರೆ ಅಂತ ಅಪ್ಪ ಒಂದು ರಾತ್ರಿಗೆ ವಿಸಿಪಿ, ಅಂದರೆ ಟಿವಿಗೆ ಜೋಡಿಸಿ ಕ್ಯಾಸೆಟ್ ಹಾಕುವ ಪೆಟ್ಟಿಗೆ, ಬಾಡಿಗೆಗೆ ತಂದರು, ಜೊತೆಗೆ ಮೂರು ಕ್ಯಾಸೆಟ್. ಅಂಗಳದಲ್ಲಿ ಚಾಪೆ ಹಾಸಿ ಕೂತೆವು. ಹಳೇ ತರವಾಡು ಮನೆ, ಅಂದರೆ ಹಿರಿಯರ ಕಾಲದ ಕುಟುಂಬದ ಮನೆ, ಬೀಗ ಹಾಕಿದ ಕೋಣೆ, ರಾತ್ರಿ ಗೆಜ್ಜೆ ಸದ್ದು. ಮೋಹನ್‌ಲಾಲ್ ಮಾಡಿದ ಡಾಕ್ಟರ್ ಸನ್ನಿ ಬಂದು, ನಮ್ಮ ಉಡುಪಿಯ ವಿನಯಾ ಪ್ರಸಾದ್ ಮಾಡಿದ ಶ್ರೀದೇವಿಯನ್ನು ಕೋಣೆಯೊಳಗೆ ಕೂಡಿಹಾಕಿದ. ಮುಂದೇನು ಅಂತ ನಾವೆಲ್ಲ ಉಸಿರು ಹಿಡಿದಿದ್ದರೆ ಪರದೆ ಮೇಲೆ ವಾಲಗ, ಬಾಳೆಕಂಬ, ಜರಿ ಸೀರೆ ಉಟ್ಟ ಮದುಮಗಳು. ಕ್ಯಾಸೆಟ್ ಅಂಗಡಿಯವರು ಸಿನಿಮಾದ ಮೇಲೆ ಯಾರದೋ ಮದುವೆ ತುಂಬಿಸಿಬಿಟ್ಟಿದ್ದರು! ಅಮ್ಮ ಮಾತ್ರ ಆ ಮದುವೆಯನ್ನೂ ಕೊನೆತನಕ ನೋಡಿದರು.

ಎರಡು ವರ್ಷ ಬಿಟ್ಟು ಟಿವಿಯಲ್ಲಿ ಪೂರ್ತಿ ನೋಡಿದಾಗ ಗೊತ್ತಾಯಿತು, ಶ್ರೀದೇವಿಗೆ ಏನೂ ಆಗಿರಲಿಲ್ಲ. ಸನ್ನಿ ಬೇಕೆಂದೇ ಎಲ್ಲರ ಕಣ್ಣನ್ನು ಆ ಕಡೆ ತಿರುಗಿಸಿದ್ದ. ಕೊನೆಯ ಮುಕ್ಕಾಲು ಗಂಟೆ ಹೋದರೆ ಇಡೀ ಕಥೆಯೇ ಬೇರೆ ಆಗುತ್ತದೆ ಅಂತ ನಾನು ಕಲಿತದ್ದು ಹಾಳಾದ ಕ್ಯಾಸೆಟ್ಟಿನಿಂದ. ಕಥೆ ಪೂರ್ತಿ ಇದ್ದೂ ಅರ್ಥ ಬದಲಾಗಬಹುದು ಅಂತ ಕಲಿತದ್ದು 2004ರಲ್ಲಿ, ಮಂಗಳೂರಿನಲ್ಲಿ ‘ಆಪ್ತಮಿತ್ರ’ ನೋಡಿದಾಗ.

ಆಮೇಲೆ ಇದೊಂದು ಚಟವೇ ಆಯಿತು. ಈಗ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ವರ್ಷಕ್ಕೊಮ್ಮೆ ಹತ್ತನೇ ತರಗತಿ ಮುಗಿಸಿದ ಮಕ್ಕಳಿಗೆ ಎರಡು ಸಿನಿಮಾ ತೋರಿಸಿ ಹೋಲಿಸಲು ಹೇಳುತ್ತೇನೆ. ಅವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಒಂದೇ ಕುಟುಂಬವನ್ನು ಹಿಡಿದುಕೊಳ್ಳುತ್ತೇನೆ. ಫಾಸಿಲ್ ಅವರ ಮಲಯಾಳಂ ‘ಮಣಿಚಿತ್ರತ್ತಾಳ್’ (1993), ಪಿ. ವಾಸು ಅವರ ಕನ್ನಡದ ‘ಆಪ್ತಮಿತ್ರ’ (2004), ಅವರೇ ಮಾಡಿದ ತಮಿಳಿನ ‘ಚಂದ್ರಮುಖಿ’ (2005), ಪ್ರಿಯದರ್ಶನ್ ಅವರ ಹಿಂದಿಯ ‘ಭೂಲ್ ಭುಲಯ್ಯಾ’ (2007). ಇನ್ನೂ ಒಂದನ್ನೂ ನೋಡಿಲ್ಲದವರು ದಯವಿಟ್ಟು ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ಗುಟ್ಟೆಲ್ಲ ಮುಂದೆ ಬಯಲಾಗುತ್ತದೆ. ಮೂಲದ ಕಥೆ ಇಷ್ಟು: ಗಂಡನ ಜೊತೆ ಹಳೇ ಮನೆಗೆ ಬಂದ ಗಂಗಾಗೆ, ಅಲ್ಲಿ ಹಿಂದೆ ಯಜಮಾನ ಕೊಂದ ನರ್ತಕಿ ನಾಗವಲ್ಲಿ ತಾನೇ ಅಂದುಕೊಳ್ಳುವ ಮನಸ್ಸಿನ ಕಾಯಿಲೆ. ಅದನ್ನು ವಾಸಿ ಮಾಡಲು ಬರುವವನು ಗಂಡನ ಗೆಳೆಯ ಡಾಕ್ಟರ್ ಸನ್ನಿ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ನೋಟ್‌ಬುಕ್, ಗಡಿಯಾರ, ಎರಡು ರಾತ್ರಿ. ಆದರೆ ಒಂದು ಶರತ್ತು ಉಂಟು. ಮೊದಲು ರೀಮೇಕ್ ನೋಡಿ, ಮೂಲ ಆಮೇಲೆ. ಮೂಲ ಮೊದಲು ನೋಡಿದವರು ರೀಮೇಕ್ ನೋಡುವಾಗ ಪರೀಕ್ಷೆ ಪೇಪರ್ ತಿದ್ದುವ ಮೇಷ್ಟ್ರಾಗುತ್ತಾರೆ. ಕೆಂಪು ಪೆನ್ನು ಕೈಯಲ್ಲೇ ಇರುತ್ತದೆ. ನನಗಂತೂ ಆ ಪೆನ್ನು ಕೆಳಗಿಡಲು ಹತ್ತು ವರ್ಷ ಬೇಕಾಯಿತು.

ಸಿನಿಮಾ ಶುರುವಾಗುವ ಮೊದಲೇ ಅರ್ಧ ಕೆಲಸ ಮುಗಿಸಬಹುದು. ನೋಟ್‌ಬುಕ್ಕಿನಲ್ಲಿ ಹೆಸರುಗಳನ್ನು ಮಾತ್ರ ಒಂದರ ಕೆಳಗೆ ಒಂದು ಬರೆಯಿರಿ. ಮಣಿಚಿತ್ರತ್ತಾಳ್ ಅಂದರೆ ಹಳೇ ಕೇರಳದ ಮನೆಗಳಲ್ಲಿ ಇರುತ್ತಿದ್ದ ಚಿತ್ತಾರದ ಬೀಗ. ಆಪ್ತಮಿತ್ರ ಅಂದರೆ ಗೆಳೆಯ. ಚಂದ್ರಮುಖಿ ಅಂದರೆ ಸತ್ತ ನರ್ತಕಿಯ ಹೆಸರು. ಭೂಲ್ ಭುಲಯ್ಯಾ ಅಂದರೆ ಒಳಹೊಕ್ಕರೆ ದಾರಿ ತಪ್ಪುವ ಕಟ್ಟಡ. ಒಂದೇ ಕಥೆಗೆ ಒಬ್ಬರು ಬಾಗಿಲನ್ನು ತೋರಿಸಿದರು, ಒಬ್ಬರು ಗೆಳೆಯನನ್ನು, ಒಬ್ಬರು ದೆವ್ವವನ್ನು, ಒಬ್ಬರು ಗೊಂದಲವನ್ನು. ಬೀಗ ಅಂದಾಗ ‘ಒಳಗೆ ಏನಿದೆ’ ಅಂತ ಕೇಳುತ್ತೇವೆ. ಆಪ್ತಮಿತ್ರ ಅಂದಾಗ ‘ಯಾರು ಕಾಪಾಡುತ್ತಾರೆ’ ಅಂತ ಕೇಳುತ್ತೇವೆ. ಟಿಕೆಟ್ ತಗೊಳ್ಳುವಾಗಲೇ ನಮ್ಮ ಪ್ರಶ್ನೆ ಬದಲಾಗಿರುತ್ತದೆ, ಅಲ್ವಾ?

ಎರಡನೆಯದು ಗಡಿಯಾರದ ಕೆಲಸ. ಯಾರು ಎಷ್ಟನೇ ನಿಮಿಷಕ್ಕೆ ಬಂದರು ಅಂತ ಗುರುತು ಹಾಕಿಕೊಳ್ಳಿ. ಮಲಯಾಳಂನಲ್ಲಿ ಮೋಹನ್‌ಲಾಲ್ ಆಗಲೇ ದೊಡ್ಡ ಸ್ಟಾರ್. ಆದರೂ ಅರ್ಧ ಸಿನಿಮಾ ಹತ್ತಿರ ಬರುವ ತನಕ ಅವರು ಪರದೆ ಮೇಲೆ ಇಲ್ಲ. ಅಷ್ಟೂ ಹೊತ್ತು ನಾವು ಮಾಡಂಪಳ್ಳಿ ಮನೆಯಲ್ಲಿ ಗಂಗಾ ಜೊತೆ, ಅವಳ ಗಂಡ ನಕುಲನ್ ಜೊತೆ, ಹೆದರಿ ಸಾಯುವ ನೆಂಟರ ಜೊತೆ ಓಡಾಡಿಕೊಂಡಿರುತ್ತೇವೆ. ಮನೆಯ ಮೂಲೆ ಮೂಲೆ ಪರಿಚಯ ಆಗುತ್ತದೆ. ಡಾಕ್ಟರು ಬಂದಾಗ ಅವನು ಹೊರಗಿನವನು, ನಾವು ಮನೆಯವರು. ಚಂದ್ರಮುಖಿಯಲ್ಲಿ ರಜನೀಕಾಂತ್ ಶುರುವಿನಲ್ಲೇ ಹೊಡೆದಾಟ, ಹಾಡಿನ ಜೊತೆ ಬರುತ್ತಾರೆ. ಹಾಗಾಗಿ ನಾವು ಅವರ ಕೈ ಹಿಡಿದುಕೊಂಡೇ ಆ ಮನೆಗೆ ಹೋಗುತ್ತೇವೆ. ಭಯ ಅರ್ಧಕ್ಕರ್ಧ ಅಲ್ಲೇ ಕಡಿಮೆ. ರಜನಿ ಇದ್ದಾರಲ್ಲ! ಆಪ್ತಮಿತ್ರದ ಲೆಕ್ಕ ನೀವೇ ಹಾಕಿ, ನಾನು ಹೇಳುವುದಿಲ್ಲ. ವಿಷ್ಣುವರ್ಧನ್ ಎಷ್ಟು ಹೊತ್ತಿಗೆ ಬಂದರು ಅಂತ ಅಷ್ಟೇ ಬರೆದು ನಿಲ್ಲಿಸಬೇಡಿ. ಗಂಗಾಳ ಬಾಲ್ಯಕ್ಕೆ ಎಷ್ಟು ನಿಮಿಷ ಸಿಕ್ಕಿತು ಅಂತಲೂ ಬರೆಯಿರಿ. ಮಲಯಾಳಂನಲ್ಲಿ ಅಪ್ಪ ಅಮ್ಮ ಕಲ್ಕತ್ತೆಯಲ್ಲಿ, ಮಗಳು ಹಳ್ಳಿಯಲ್ಲಿ ಅಜ್ಜಿ ಹತ್ತಿರ, ಕಥೆ ಕೇಳುತ್ತಾ ಒಂಟಿಯಾಗಿ ಬೆಳೆದವಳು. ಕಾಯಿಲೆಯ ಬೇರು ಅಲ್ಲಿದೆ. ಆ ಬೇರಿಗೆ ಎಷ್ಟು ಮಣ್ಣು ಹಾಕಿದ್ದಾರೆ ಅನ್ನುವುದು ಎರಡು ಸಿನಿಮಾಗಳನ್ನು ಅಳೆಯಲು ಒಳ್ಳೆಯ ಅಳತೆಗೋಲು.

ಇನ್ನು ಒಂದೇ ಒಂದು ದೃಶ್ಯ ಆರಿಸಿಕೊಳ್ಳಿ. ಇಡೀ ಸಿನಿಮಾ ಹೋಲಿಸಲು ಹೋದರೆ ಸುಸ್ತಾಗುತ್ತದೆ. ನಾನು ಆರಿಸಿಕೊಳ್ಳುವುದು ಮಂಚದ ದೃಶ್ಯ.

ಗಂಗಾ ಮನೆಯ ಹುಡುಗಿಯ ಜೊತೆ ಮದುವೆ ಸಾಮಾನು ತರಲು ಪೇಟೆಗೆ ಹೊರಟಿದ್ದಾಳೆ. ಹೋಗಬೇಡ ಅನ್ನುತ್ತಾನೆ ನಕುಲನ್. ಡಾಕ್ಟರು ಹಾಗೆ ಹೇಳಿಕೊಟ್ಟಿದ್ದಾನೆ. ಮೊದಲು ಅವಳಿಗೆ ಬರೀ ಆಶ್ಚರ್ಯ. ಮತ್ತೆ ಕೇಳುತ್ತಾಳೆ, ಅವನು ಮತ್ತೆ ಬೇಡ ಅನ್ನುತ್ತಾನೆ. ಕಣ್ಣು ಸ್ವಲ್ಪ ಅಗಲ ಆಗುತ್ತದೆ. ಆಮೇಲೆ ಒಂದು ಮಾತು ಬರುತ್ತದೆ. ‘ವಿಡಮಾಟ್ಟೆ?’ ಬಿಡುವುದಿಲ್ಲವಾ ಅಂತ. ಅದು ಮಲಯಾಳಂ ಅಲ್ಲ, ತಮಿಳು. ದನಿಯೂ ಅವಳದ್ದಲ್ಲ. ಭಾರೀ ಮಂಚವನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದಿದ್ದಾಳೆ. ಗಂಡ ಹೆಸರು ಹಿಡಿದು ಕೂಗುತ್ತಾನೆ. ಅವಳು ವಾಪಸ್ ಬರುತ್ತಾಳೆ, ಏನಾಯಿತು ಅಂತ ಅವಳಿಗೇ ಗೊತ್ತಿಲ್ಲ. ಏನು ನಕುಲೇಟ್ಟಾ ಅಂತ ಹಳೇ ದನಿಯಲ್ಲಿ ಕೇಳುತ್ತಾಳೆ.

ಈ ದೃಶ್ಯವನ್ನು ಮೊದಲು ಸದ್ದು ಬಂದ್ ಮಾಡಿ ನೋಡಿ. ಗಂಗಾ ಮಾಡಿದ ಶೋಭನಾ ಅವರ ಕತ್ತು, ಕಣ್ಣು ಮಾತ್ರ ನೋಡಿ. ಅವರು ಭರತನಾಟ್ಯದವರು, ಎಲ್ಲಿ ತಿರುಗಬೇಕು ಅಂತ ಗೊತ್ತು. ಈ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಆಮೇಲೆ ಕಣ್ಣು ಮುಚ್ಚಿಕೊಂಡು ಬರೀ ಕೇಳಿ. ಗಂಗಾಳ ದನಿ ಭಾಗ್ಯಲಕ್ಷ್ಮಿ ಅವರದು. ನಾಗವಲ್ಲಿಯ ತಮಿಳು ದನಿ ದುರ್ಗಾ ಎಂಬ ಇನ್ನೊಬ್ಬ ಡಬ್ಬಿಂಗ್ ಕಲಾವಿದೆಯದು. ಇದು ಎಲ್ಲರಿಗೂ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಒಂದು ಹೆಣ್ಣಿಗೆ ಮೂವರು ಸೇರಿ ಜೀವ ಕೊಟ್ಟಿದ್ದಾರೆ. ಮೂರನೇ ಸಲ ಸದ್ದು, ಚಿತ್ರ ಎರಡೂ ಇಟ್ಟು ಗಂಡನನ್ನು ಮಾತ್ರ ನೋಡಿ. ಇದನ್ನು ತುಂಬಾ ಜನ ಮಾಡುವುದಿಲ್ಲ. ಸುರೇಶ್ ಗೋಪಿ ಮುಖದಲ್ಲಿ ದೆವ್ವ ಕಂಡ ಭಯಕ್ಕಿಂತ, ಇಷ್ಟು ದಿನ ಇವಳ ಪಕ್ಕ ಮಲಗಿದ್ದೆನಲ್ಲಾ ಎಂಬ ಗಾಬರಿ ಇದೆ.

ಈಗ ಇದೇ ಕಥೆಯ ಬೇರೆ ಮೂರು ರೂಪಗಳಲ್ಲಿ, ಅವಳ ಬಾಯಲ್ಲಿ ಯಾವ ಭಾಷೆ ಬರುತ್ತದೆ ಅಂತ ಬರೆದುಕೊಳ್ಳಿ. ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು. ಮಲಯಾಳಂ ಸಿನಿಮಾದ ನರ್ತಕಿ ತಂಜಾವೂರಿನವಳು, ತಮಿಳು ಮಾತಾಡುತ್ತಾಳೆ. ಕನ್ನಡದಲ್ಲಿ ಅವಳು ತೆಲುಗು. ತಮಿಳಿನಲ್ಲೂ ತೆಲುಗು. ಹಿಂದಿಯಲ್ಲಿ ಬಂಗಾಳಿ. ಯಾರೂ ದೂರದ ಭಾಷೆ ತರಲಿಲ್ಲ, ಯಾರೂ ಸ್ವಂತ ಭಾಷೆಯಲ್ಲಿ ಇಡಲಿಲ್ಲ. ಎಲ್ಲರೂ ಪಕ್ಕದ ಮನೆಗೆ ಹೋದರು! ಅರ್ಧ ಅರ್ಥವಾಗಬೇಕು, ಅರ್ಧ ಆಗಬಾರದು. ಪೂರ್ತಿ ಅರ್ಥವಾದರೆ ಭಯ ಇಲ್ಲ, ಏನೂ ಅರ್ಥವಾಗದಿದ್ದರೆ ಬರೀ ಗದ್ದಲ.

ಆದರೆ ಪಕ್ಕದ ಮನೆ ಬದಲಾದಾಗ ಅರ್ಥವೂ ಸ್ವಲ್ಪ ಸರಿಯುತ್ತದೆ. ಮಲಯಾಳಿಗಳಿಗೆ ತಂಜಾವೂರು ಅಂದರೆ ಹಳೇ ಕಾಲದ ಆಸ್ಥಾನ, ನಾಟ್ಯ, ದೂರದಿಂದ ಕರೆತಂದ ಹೆಣ್ಣು. ನಮಗೆ ತೆಲುಗು ಅಂದರೆ ಕಚೇರಿಯ ಭಾಷೆ. ಕೋರ್ಟು ಕಚೇರಿ ಅಲ್ಲ ಮತ್ತೆ, ಸಂಗೀತ ಕಚೇರಿ. ತ್ಯಾಗರಾಜರ ಕೃತಿ, ಜಾವಳಿ ಎಲ್ಲ ತೆಲುಗಿನಲ್ಲೇ ಕೇಳಿ ಬೆಳೆದವರು ನಾವು. ಹಾಗಾಗಿ ‘ರಾ ರಾ’ ಅಂತ ಗುರುಕಿರಣ್ ಹಾಡು ಬಂದಾಗ ನಮ್ಮ ಕಿವಿ ಹೆದರುವ ಮೊದಲು ತಲೆದೂಗುತ್ತದೆ. ಮಲಯಾಳಂ ನಾಗವಲ್ಲಿಯಲ್ಲಿ ಸಿಟ್ಟು ಮೊದಲು ಕೇಳುತ್ತದೆ, ಕನ್ನಡದವಳಲ್ಲಿ ಕರೆಯುವ ದನಿ ಮೊದಲು. ಆಪ್ತಮಿತ್ರದಲ್ಲಿ ಗಂಗಾ ಮಾಡಿದ ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವರು, ಸ್ಟಾರ್ ಆದದ್ದು ತೆಲುಗಿನಲ್ಲಿ. ಅವರ ಬಾಯಲ್ಲಿ ತೆಲುಗು ಬಂದಾಗ ಅದು ಬೇರೆ ಯಾರೋ ಹೊಕ್ಕಂತೆ ಅನಿಸುವುದೇ ಕಷ್ಟ. ಇದನ್ನು ಕುಂದು ಅನ್ನಬೇಕಾ, ಸೊಗಸು ಅನ್ನಬೇಕಾ? ನನಗೆ ಒಂದೊಂದು ಸಲ ಒಂದೊಂದು ಅನಿಸುತ್ತದೆ.

ಒಂದು ತಮಾಷೆ ಹೇಳುತ್ತೇನೆ. ನಾಗವಲ್ಲಿಯ ಪ್ರೇಮಿ ರಾಮನಾಥನಾಗಿ ಮಲಯಾಳಂನಲ್ಲಿ ಕುಣಿದವರು ನಮ್ಮ ಕನ್ನಡದ ನಟ, ನೃತ್ಯ ಕಲಾವಿದ ಶ್ರೀಧರ್. ನಮ್ಮ ಚಿಕ್ಕಮ್ಮನಿಗೆ ಇದು ಗೊತ್ತಾದ ದಿನ, ಸಿನಿಮಾ ಅರ್ಧ ನಮ್ಮದೇ ಅಂತ ಘೋಷಿಸಿಬಿಟ್ಟರು.

ಮುಂದಿನ ಕೆಲಸ ಕೊನೆಯ ದೃಶ್ಯಕ್ಕೆ. ಹಲಗೆ ಮೇಲೆ ಯಾರು ಮಲಗಿದ್ದಾರೆ ನೋಡಿ. ಇದೊಂದನ್ನು ನೋಡಿದರೆ ಸಾಕು ಅಂತ ನಾನು ಮಕ್ಕಳಿಗೆ ಹೇಳುತ್ತೇನೆ.

ದುರ್ಗಾಷ್ಟಮಿ ರಾತ್ರಿ, ನಾಗವಲ್ಲಿ ತನ್ನನ್ನು ಕೊಂದ ಯಜಮಾನ ಶಂಕರನ್ ತಂಬಿಯನ್ನು ಕಡಿಯಬೇಕು. ಕಡಿದೆ ಅಂತ ಅವಳಿಗೆ ಅನಿಸಿದರೆ ಕಾಯಿಲೆ ಬಿಡುತ್ತದೆ ಅನ್ನುವುದು ಡಾಕ್ಟರ ಲೆಕ್ಕ. ತಂತ್ರಿಯೂ ಅವನ ಜೊತೆ ಕೈ ಜೋಡಿಸುತ್ತಾನೆ. ತಿರುಗುವ ಹಲಗೆ, ಹೊಗೆ, ಮನುಷ್ಯನ ಬದಲು ಕಡಿಸಲು ಒಂದು ಬೊಂಬೆ. ಮಲಯಾಳಂನಲ್ಲಿ ಆ ಹಲಗೆ ಮೇಲೆ ಮೊದಲು ಮಲಗಿರುವವನು ನಕುಲನ್. ಅವಳ ಗಂಡ! ಅವಳ ಕಣ್ಣಿಗೆ ಗಂಡನೇ ತಂಬಿ. ನಕುಲನ್ ಕೆಟ್ಟವನಲ್ಲ. ಆದರೆ ಕೆಲಸ ಕೆಲಸ ಅಂತ ಹೆಂಡತಿಯನ್ನು ದೊಡ್ಡ ಮನೆಯಲ್ಲಿ ಒಬ್ಬಳನ್ನೇ ಬಿಟ್ಟವನು. ದೆವ್ವದ ಬಟ್ಟೆ ತೊಡಿಸಿದ ಒಂದು ಸಂಸಾರದ ಜಗಳ ಅದು. ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ, ಹಲಗೆ ಮೇಲೆ ಮಲಗಿಸಿ ತೋರಿಸುತ್ತದೆ.

ಚಂದ್ರಮುಖಿಯಲ್ಲಿ ಮಲಗಿರುವವರು ರಜನೀಕಾಂತ್, ರಾಜ ವೇಟ್ಟೈಯನ್ ವೇಷದಲ್ಲಿ. ಯಾಕೆ ಹೀಗಾಯಿತು? ಕನ್ನಡದಲ್ಲೇ ಅದರ ಬೀಜ ಇದೆ. ಮಲಯಾಳಂನಲ್ಲಿ ತಂಬಿ ಹೆಚ್ಚುಕಡಿಮೆ ಗೋಡೆಯ ಮೇಲಿನ ಚಿತ್ರ. ಆಪ್ತಮಿತ್ರದಲ್ಲಿ ಆ ಕ್ರೂರ ರಾಜ ವಿಜಯ ರಾಜೇಂದ್ರ ಬಹದ್ದೂರ್ ಪಾತ್ರವನ್ನೂ ವಿಷ್ಣುವರ್ಧನ್ ಅವರೇ ಮಾಡಿದರು. ಒಂದೇ ಸ್ಟಾರ್ ಡಾಕ್ಟರೂ ಹೌದು, ರಾಜನೂ ಹೌದು. ಅಭಿಮಾನಿಗಳಿಗೆ ಹಬ್ಬ, ನನಗೂ ಆ ಗತ್ತು ಇಷ್ಟವೇ. ಆದರೆ ಮನೆಯೊಳಗಿನ ಜಗಳ ಅರಮನೆಗೆ ಹೋಯಿತು. ಹೆಂಡತಿಯ ಸಿಟ್ಟು ಗಂಡನನ್ನು ಬಿಟ್ಟು ರಾಜನ ಕಡೆ ತಿರುಗಿತು. ಗಂಡ ಪಾರಾದ!

ಆಪ್ತಮಿತ್ರ ಕೆಟ್ಟ ಸಿನಿಮಾ ಅಂತ ಇದರರ್ಥ ಅಲ್ಲ. ಹೆಸರಿಗೆ ತಕ್ಕಂತೆ ಅದು ಗೆಳೆತನದ ಕಥೆ. ಗೆಳೆಯನ ಸಂಸಾರ ಉಳಿಸಲು ಜೀವ ಪಣಕ್ಕಿಡುವವನ ಕಥೆ. ವಿಷ್ಣುವರ್ಧನ್ ಮತ್ತು ರಮೇಶ್ ಅರವಿಂದ್ ಒಟ್ಟಿಗೆ ನಿಂತಾಗ ಬರುವ ಬಿಸುಪು ಮಲಯಾಳಂನಲ್ಲಿ ಅಷ್ಟಿಲ್ಲ ಅಂತಲೇ ನನ್ನ ಅಭಿಪ್ರಾಯ. ಅಣ್ಣನ ಹತ್ತಿರ ಇದನ್ನು ಹೇಳಿದರೆ ಈಗಲೂ ಜಗಳಕ್ಕೆ ಬರುತ್ತಾನೆ.

ಕಳೆದುಹೋದವರನ್ನೂ ಹುಡುಕಿ. ದೊಡ್ಡ ಪಾತ್ರಗಳು ಕಳೆದುಹೋಗುವುದಿಲ್ಲ, ಪಕ್ಕದವು ಹೋಗುತ್ತವೆ. ನಾವು ಎರಡು ವರ್ಷ ಹುಚ್ಚಿ ಅಂದುಕೊಂಡಿದ್ದ ಶ್ರೀದೇವಿ ಮೂಲದಲ್ಲಿ ಯಾರು? ಜಾತಕದಲ್ಲಿ ಕುಜದೋಷ ಅಂತ ನಕುಲನ್ ಜೊತೆ ಮದುವೆ ತಪ್ಪಿದವಳು, ಆಮೇಲೆ ಆದ ಮದುವೆಯೂ ಮುರಿದು ತವರಿಗೆ ಬಂದವಳು. ಮನೆಯಲ್ಲಿ ಏನೇ ಕೆಟ್ಟದಾದರೂ ಮೊದಲು ಬೆರಳು ಹೋಗುವುದು ಇಂಥವರ ಕಡೆಗೇ. ಸಿನಿಮಾ ನಮ್ಮ ಬೆರಳನ್ನೂ ಆ ಕಡೆಗೇ ತಿರುಗಿಸಿ, ಆಮೇಲೆ ನಾಚಿಕೆ ಪಡಿಸುತ್ತದೆ. ಕೊನೆಯಲ್ಲಿ ಸನ್ನಿ ಅವಳನ್ನೇ ಮದುವೆಯಾಗುವ ಮಾತಾಡುತ್ತಾನೆ. ಚಂದ್ರಮುಖಿಯಲ್ಲಿ ಈ ಜಾಗಕ್ಕೆ ಬಂದದ್ದು ದುರ್ಗಾ, ತೋಟದವನ ಮೊಮ್ಮಗಳು, ಚೆಂದದ ಹುಡುಗಿ, ನಾಯಕನಿಗೆ ಜೋಡಿ. ಅನುಮಾನ ಅವಳ ಮೇಲೂ ಬರುತ್ತದೆ. ಆದರೆ ಬರೀ ನಮ್ಮ ದಾರಿ ತಪ್ಪಿಸಲು ಬರುತ್ತದೆ. ಕುಜದೋಷ ಇಲ್ಲ, ಮುರಿದ ಮದುವೆ ಇಲ್ಲ, ನಾಚಿಕೆಯೂ ಇಲ್ಲ. ಆಪ್ತಮಿತ್ರದಲ್ಲಿ ಪ್ರೇಮಾ ಅವರ ಪಾತ್ರವನ್ನು ಇಟ್ಟುಕೊಂಡು ಇದೇ ಪ್ರಶ್ನೆ ಕೇಳಿ ನೋಡಿ.

ಸಿನಿಮಾದ ಹೊರಗೆ ಆದದ್ದನ್ನೂ ಒಂದು ಸಾಲು ಬರೆಯಿರಿ. 2004ರ ಏಪ್ರಿಲ್ 17ರಂದು ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಪ್ತಮಿತ್ರ ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ. ಯಾವ ನಿರ್ದೇಶಕರೂ ಬರೆಯದ ಅರ್ಥ ಅದಕ್ಕೆ ಬಂದುಬಿಟ್ಟಿತ್ತು. ನಾವು ಮಂಗಳೂರಿನಲ್ಲಿ ನೋಡಿದ ದಿನ, ಹಾಸ್ಯಕ್ಕೆಲ್ಲ ಶಿಳ್ಳೆ ಹೊಡೆಯುತ್ತಿದ್ದ ಹಿಂದಿನ ಸಾಲಿನ ಹುಡುಗರು ‘ರಾ ರಾ’ ಹಾಡಿಗೆ ಸುಮ್ಮನಾಗಿಬಿಟ್ಟರು. ತೀರಿಕೊಂಡ ಹುಡುಗಿ, ತೀರಿಕೊಂಡ ನರ್ತಕಿಯಾಗಿ ಕುಣಿಯುತ್ತಿದ್ದಳು. ನನ್ನ ಪಕ್ಕದಲ್ಲಿದ್ದ ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಮುಂದಿನ ಭಾಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂಲದಲ್ಲಿ ದೆವ್ವವೇ ಇರಲಿಲ್ಲ, ಕಾಯಿಲೆ ಇತ್ತು. 2010ರ ‘ಆಪ್ತರಕ್ಷಕ’ದಲ್ಲಿ ನೂರು ವರ್ಷ ದಾಟಿದ ರಾಜ ಬದುಕೇ ಇದ್ದಾನೆ. 2022ರ ‘ಭೂಲ್ ಭುಲಯ್ಯಾ 2’ರಲ್ಲಿ ನಿಜವಾದ ದೆವ್ವವೇ ಬಂದುಬಿಟ್ಟಿತು. ಬೀಗ ತೆಗೆದು ಒಳಗೆ ಏನೂ ಇಲ್ಲ ನೋಡಿ ಅಂತ ತೋರಿಸಿದ ಕೋಣೆಗೆ, ಮಕ್ಕಳ ಕಾಲದಲ್ಲಿ ದೆವ್ವ ತಂದು ಕೂರಿಸಿದರು.

ಪುಸ್ತಕದಿಂದ ಬಂದ ಸಿನಿಮಾಕ್ಕೂ ಇದೇ ಕ್ರಮ ನಡೆಯುತ್ತದೆ, ಒಂದು ಕೆಲಸ ಸೇರಿಸಿಕೊಂಡರೆ. ಪುಸ್ತಕದ ಮೊದಲ ಹತ್ತು ಪುಟ, ಕೊನೆಯ ಹತ್ತು ಪುಟ ಓದಿ ಇಟ್ಟುಕೊಳ್ಳಿ. ‘ನಾಗರಹಾವು’ (1972) ಗೊತ್ತಲ್ಲ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ಒಂದು ಸಿನಿಮಾ ಮಾಡಿದರು. ಮೂರು ಕೊಡದ ನೀರು ಒಂದು ಕೊಡಕ್ಕೆ ಹಿಡಿಸಬೇಕಾದರೆ ಏನು ಚೆಲ್ಲಿತು ಅಂತ ಹುಡುಕಬೇಕು. ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ತ.ರಾ.ಸು. ಬೇಸರಪಟ್ಟರಂತೆ ಅನ್ನುವ ಮಾತು ಈಗಲೂ ಓಡಾಡುತ್ತದೆ. ಪುಟ್ಟಣ್ಣನವರೇ ಅದನ್ನು 1974ರಲ್ಲಿ ಹಿಂದಿಗೆ ಒಯ್ದಾಗ ಹೆಸರು ‘ಜಹ್ರೀಲಾ ಇನ್ಸಾನ್’ ಆಯಿತು. ವಿಷದ ಮನುಷ್ಯ. ನಾಗರಹಾವಿಗೆ ನಾವು ಹಾಲೂ ಎರೆಯುತ್ತೇವೆ, ಹೆದರಿಯೂ ಸಾಯುತ್ತೇವೆ. ವಿಷದ ಮನುಷ್ಯನಿಗೆ ಯಾರು ಹಾಲೆರೆಯುತ್ತಾರೆ? ನಿರ್ದೇಶಕ ಅದೇ, ಕಥೆ ಅದೇ, ಹೆಸರಿನಲ್ಲೇ ಪೂಜೆ ಬಿದ್ದುಹೋಯಿತು.

2024ರ ಆಗಸ್ಟ್‌ನಲ್ಲಿ ಮಣಿಚಿತ್ರತ್ತಾಳ್ ಹೊಸ ಪ್ರಿಂಟ್‌ನಲ್ಲಿ ಮತ್ತೆ ಥಿಯೇಟರಿಗೆ ಬಂತು. ಅಮ್ಮನನ್ನು ಕರೆದುಕೊಂಡು ಹೋದೆ. ಮೊಣಕಾಲು ನೋವು, ಮೆಟ್ಟಿಲು ಹತ್ತಲು ಹತ್ತು ನಿಮಿಷ. ನಾನು ನೋಟ್‌ಬುಕ್ ತೆಗೆದದ್ದು ನೋಡಿ, ‘ಇಲ್ಲಿಯೂ ಎಂತ ಬರೆಯುವುದು ಮಾರಾಯ್ತಿ’ ಅಂದರು. ಸನ್ನಿ ಶ್ರೀದೇವಿಯನ್ನು ಕೂಡಿಹಾಕುವ ಜಾಗ ಬಂತು. ಅಮ್ಮ ನನ್ನ ಕಡೆ ಬಾಗಿದರು. ಕಥೆ ಬಗ್ಗೆ ಏನೋ ಕೇಳುತ್ತಾರೆ ಅಂತ ನಾನು ಕಿವಿ ಕೊಟ್ಟೆ.

‘ಆ ಮದುಮಗಳು ಯಾರು ಅಂತ ಕಡೆಗೂ ಗೊತ್ತಾಗಲೇ ಇಲ್ಲ ಅಲ್ಲವಾ?’ ಅಂದರು.